ಜರ್ಮನಿಯ ಸಹೋದ್ಯೋಗಿಗಳ ಜೊತೆ ಕೆಲಸ ಮಾಡುವಾಗ ನಾವು 'ಆಯ್ತು' ಅಂದದ್ದೇ ಯಾಕೆ ತಕರಾರಿಗೆ ಕಾರಣವಾಗುತ್ತೆ?

ನಮ್ಮಲ್ಲಿ "ಆಯ್ತು ಸರ್, ನೋಡ್ತೀನಿ" ಅಂದರೆ ಎಷ್ಟೋ ಸಲ "ಕೇಳಿಸಿಕೊಂಡೆ" ಎಂದಷ್ಟೇ ಅರ್ಥ. ಅದೇ ಮಾತು 'ಯೆಸ್' ಆಗಿ ಮ್ಯೂನಿಕ್ ತಲುಪಿದರೆ ಅಲ್ಲಿ ಸಾಮಾನ್ಯವಾಗಿ ಕೊಟ್ಟ ಮಾತು ಅಂತಲೇ ಲೆಕ್ಕ. ಶುಕ್ರವಾರ ಕೆಲಸ ಬರದಿದ್ದರೆ ತಡವಾದದ್ದಕ್ಕಿಂತ, ಮೊದಲೇ ಹೇಳದಿದ್ದದ್ದು ಅವರನ್ನು ಹೆಚ್ಚು ಕೆಣಕುತ್ತದೆ. ಇತ್ತ ಅವರು "ಇದು ತಪ್ಪು" ಎಂದು ಒಂದೇ ಸಾಲು ಬರೆದರೆ ನಮಗೆ ಬೈದಂತೆ ಕೇಳಿಸುತ್ತದೆ. ಅವರು ಹೇಳಿದ್ದು ಕೆಲಸದ ಬಗ್ಗೆ, ನಿಮ್ಮ ಬಗ್ಗೆ ಅಲ್ಲ.

ಇದಕ್ಕೆ ಏನು ಮಾಡಬಹುದು? ನಿಮ್ಮ ತಂಡದವರನ್ನು "ಆಗುತ್ತಾ?" ಎಂದು ಕೇಳುವುದನ್ನೇ ಬಿಡಿ, ಅದಕ್ಕೆ ನಮ್ಮವರ ಉತ್ತರ ಹೆಚ್ಚಾಗಿ "ಆಗುತ್ತೆ". ಬದಲಿಗೆ "ಏನೇನು ಬಾಕಿ ಇದೆ? ಯಾವ ದಿನ ಕೊಡ್ತೀರಿ? ಏನು ಅಡ್ಡ ಬರಬಹುದು?" ಎಂದು ಕೇಳಿ. ಆಗುವುದಿಲ್ಲ ಎಂದು ಗೊತ್ತಾದ ದಿನವೇ ಹೊಸ ದಿನಾಂಕದ ಜೊತೆ ತಿಳಿಸಿ. ಮ್ಯಾನೇಜರ್ ಮಾತಾಡಿದ ಮೇಲೆ ಕಿರಿಯರು ಬಾಯಿ ಬಿಡುವುದು ಅಪರೂಪ. ಹಾಗಾಗಿ ಅಭಿಪ್ರಾಯಗಳನ್ನು ಮೀಟಿಂಗಿಗೆ ಮುಂಚೆ ಬರಹದಲ್ಲಿ ತರಿಸಿಕೊಳ್ಳಿ, ಮ್ಯಾನೇಜರ್ ಕೊನೆಗೆ ಮಾತಾಡಲಿ. ಮುಗಿದ ಅರ್ಧ ಗಂಟೆಯೊಳಗೆ ಯಾರು, ಏನು, ಯಾವಾಗ ಎಂದು ನಾಲ್ಕೈದು ಸಾಲಿನ ಮೇಲ್ ಹೋಗಲಿ.

ಚಿಲ್ಲರೆ ಎನಿಸುವ ಸಂಗತಿಗಳೂ ಕಾಡುತ್ತವೆ. ಅಲ್ಲಿ 1.500 ಅಂದರೆ ಒಂದೂವರೆ ಅಲ್ಲ, ಒಂದೂವರೆ ಸಾವಿರ. ಜರ್ಮನ್‌ನಲ್ಲಿ 'ಹಾಲ್ಬ್ ದ್ರೈ' (ಪದಕ್ಕೆ ಪದ ಹೇಳಿದರೆ 'ಅರ್ಧ ಮೂರು') ಅಂದರೆ ಮೂರೂವರೆ ಅಲ್ಲ, ಎರಡೂವರೆ ಗಂಟೆ. ನಮಗೂ ಅವರಿಗೂ ಸಮಯದ ಅಂತರ ಚಳಿಗಾಲದಲ್ಲಿ 4.5 ಗಂಟೆ, ಬೇಸಿಗೆಯಲ್ಲಿ 3.5. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಅಥವಾ ಹಿಂದೆ ಮಾಡುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಮರುದಿನ ಸೋಮವಾರದ ಮೀಟಿಂಗ್ ತಪ್ಪಿಹೋಗುವುದು ಇದರಿಂದಲೇ.