ಕಟ್ಟಡ ಕಾರ್ಮಿಕರ ಶೆಡ್‌ಗಳಲ್ಲಿ ಪುಟ್ಟ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವುದು ಹೇಗೆ?

ಅಪ್ಪ ಅಮ್ಮ ಇಬ್ಬರೂ ಗಾರೆ ಕೆಲಸಕ್ಕೆ ಹೋದ ಮೇಲೆ ಶೆಡ್ಡಿನಲ್ಲಿ ಉಳಿಯುವುದು ನಾಲ್ಕು ವರ್ಷದ ಮಗು, ಅದನ್ನು ನೋಡಿಕೊಳ್ಳಲು ಏಳು ವರ್ಷದ ಅಕ್ಕ. ಅಪಾಯವಿರುವುದು ಇಲ್ಲೇ. ಕೆಡುಕು ಮಾಡುವವರು ಹೆಚ್ಚಾಗಿ ಪರಿಚಯದವರೇ, ಹಾಗಾಗಿ ‘ಗೊತ್ತಿಲ್ಲದವರ ಹತ್ತಿರ ಹೋಗಬೇಡ’ ಎಂದಷ್ಟೇ ಹೇಳಿಕೊಟ್ಟರೆ ಸಾಲದು.

50ಕ್ಕಿಂತ ಹೆಚ್ಚು ಕಾರ್ಮಿಕರು ದುಡಿಯುವ ಸೈಟಿನಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಕೊಡಲೇಬೇಕು, ಕಂಟ್ರಾಕ್ಟರನ್ನು ಕೇಳಿ. ಅಂಗನವಾಡಿ ಬಿಟ್ಟ ಮೇಲೆ ಕೆಲಸ ಬಿಡುವವರೆಗಿನ ಹೊತ್ತಿಗೆ ತಾಯಂದಿರು ಸರದಿ ಹಾಕಿಕೊಳ್ಳಲಿ. ಶೌಚಾಲಯಕ್ಕೆ ಒಳಚಿಲಕ, ದಾರಿಗೆ ಒಂದು ದೀಪ: ಖರ್ಚು ಅಲ್ಪ, ಉಪಯೋಗ ದೊಡ್ಡದು.

ಮಗು ಏನಾದರೂ ಹೇಳಿದರೆ ನಂಬಿ. ‘ಆಮೇಲೆ ಏನಾಯ್ತು?’ ಎಂದಷ್ಟೇ ಕೇಳಿ, ‘ಅವನೇನಾ ಮುಟ್ಟಿದ್ದು?’ ಎಂದು ನೀವೇ ಹೆಸರು ಎತ್ತಿಕೊಟ್ಟರೆ ಕೋರ್ಟಿನಲ್ಲಿ ಅದೇ ತೊಡಕಾಗುತ್ತದೆ. ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಎಫ್‌ಐಆರ್ ಇಲ್ಲದಿದ್ದರೂ ಚಿಕಿತ್ಸೆ ಕೊಡಲೇಬೇಕು, ಅದೂ ಉಚಿತವಾಗಿ.

ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯಡಿ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಪೊಲೀಸ್ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಎಷ್ಟೋ ಕೇಸು ಹಾಳಾಗುವುದು ಮೇಸ್ತ್ರಿ ನಡುವೆ ಬಂದು ದುಡ್ಡು ಕೊಡಿಸಿ, ಕುಟುಂಬವನ್ನು ರಾತ್ರೋರಾತ್ರಿ ಊರಿಗೆ ಕಳಿಸುವುದರಿಂದ. ಈ ಅಪರಾಧದಲ್ಲಿ ರಾಜಿಗೆ ಅವಕಾಶವೇ ಇಲ್ಲ. ಊರಿಗೆ ಹೋಗಲೇಬೇಕಾದರೆ ವಿಳಾಸ, ಫೋನ್ ನಂಬರನ್ನು ಮಕ್ಕಳ ರಕ್ಷಣೆ ನೋಡಿಕೊಳ್ಳುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಕೊಟ್ಟು ಹೋಗಿ.