ಮಗ ಹುಷಾರಾದ ಮೇಲೂ ಓಡಿದವರು

ಪ್ರಶ್ನೆ: ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿಯರ ಆಟ ಇಪ್ಪತ್ತಕ್ಕೆಲ್ಲ ಮುಗೀತು ಅಂತಾರೆ. ಒಕ್ಸಾನಾ ಚುಸೊವಿಟಿನಾ 46ನೇ ವಯಸ್ಸಿನಲ್ಲಿ ಒಲಿಂಪಿಕ್ಸ್‌ಗೆ ಹೋಗಿದ್ದು ಹೇಗೆ? ಮಗನಿಗಾಗಿ ಆಡಿದರು ಅನ್ನೋದು ನಿಜವೇ?

ಉತ್ತರ: ನಿಜ, ಆದರೆ ಅರ್ಧ ಮಾತ್ರ.

ಉಜ್ಬೇಕಿಸ್ತಾನದ ಬುಖಾರಾದಲ್ಲಿ ಹುಟ್ಟಿದವರು ಇವರು. 1991ರಲ್ಲಿ ಸೋವಿಯತ್ ತಂಡದಲ್ಲಿದ್ದು, ಫ್ಲೋರ್‌ನಲ್ಲಿ (ನೆಲಹಾಸಿನ ಮೇಲೆ ಸಂಗೀತಕ್ಕೆ ಲಾಗ ಹಾಕಿ ಆಡುವ ಸ್ಪರ್ಧೆ) ವಿಶ್ವ ಚಾಂಪಿಯನ್ ಆದರು. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಹಳೆಯ ಸೋವಿಯತ್ ಗಣರಾಜ್ಯಗಳ ಜಂಟಿ ತಂಡದ ಜೊತೆ ಚಿನ್ನ. ಅಷ್ಟು ಹೊತ್ತಿಗೆ ಸೋವಿಯತ್ ದೇಶವೇ ಇರಲಿಲ್ಲ! 2002ರಲ್ಲಿ ಪುಟ್ಟ ಮಗನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆಗೆ ಜರ್ಮನಿಗೆ ಹೋದರು. ಸ್ಪರ್ಧೆಯಲ್ಲಿ ಗೆದ್ದ ಹಣ ಆಸ್ಪತ್ರೆಗೆ ಹೋಯಿತು. ಮುಂದೆ ಜರ್ಮನಿಗೇ ಆಡಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ನೆಗೆಯುವ ಸ್ಪರ್ಧೆ) ಬೆಳ್ಳಿ ಗೆದ್ದರು. ಆಗ ಅವರಿಗೆ 33.

ಮಗ ಹುಷಾರಾದ. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗೋದು ಇದಾದ ಮೇಲಿನದು. ಆಸ್ಪತ್ರೆಯ ಬಿಲ್ಲಿನ ಚಿಂತೆ ಮುಗಿದ ಮೇಲೂ ಇವರು ಹತ್ತು ವರ್ಷಕ್ಕಿಂತ ಜಾಸ್ತಿ ಆಡಿದರಲ್ಲ, ಅದು ಯಾರಿಗಾಗಿ? ತಮಗಾಗಿಯೇ. ತಾಯಿ ಅಂದ ಕೂಡಲೇ ತ್ಯಾಗದ ಕಥೆಯೇ ಯಾಕೆ ಬೇಕು ಹೇಳಿ?

ಇನ್ನು ವಯಸ್ಸಿನ ಮಾತು. ಇಲ್ಲಿ ಅವರ ಜಾಣತನ ನೋಡಬೇಕು. ಫ್ಲೋರ್ ಅಂದ್ರೆ ಒಂದೂವರೆ ನಿಮಿಷ ಉಸಿರು ಹಿಡಿದು ಆಡಬೇಕು. ವಾಲ್ಟ್ ಹಾಗಲ್ಲ. 25 ಮೀಟರ್ ಓಟ, ಒಂದು ನೆಗೆತ, ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ವಯಸ್ಸಾದಂತೆ ಅವರು ಹೆಚ್ಚಾಗಿ ಅದನ್ನೇ ನೆಚ್ಚಿಕೊಂಡರು. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ವಾಲ್ಟ್ ಒಂದರಲ್ಲೇ ಒಂಬತ್ತು ಪದಕ! ಆದರೆ ಸುಲಭದ್ದನ್ನು ಹುಡುಕಿಕೊಂಡರು ಅಂದುಕೊಳ್ಳಬೇಡಿ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ನಮ್ಮ ದೀಪಾ ಕರ್ಮಾಕರ್ ನಾಲ್ಕನೆಯವರಾದರಲ್ಲ, ಅಲ್ಲಿ ಅತ್ಯಂತ ಅಪಾಯದ ಪ್ರೊಡುನೋವಾ (ಗಾಳಿಯಲ್ಲಿ ಎರಡು ಸಲ ಮುಂದಕ್ಕೆ ಪಲ್ಟಿ ಹೊಡೆಯುವ ನೆಗೆತ) ಮಾಡಿದವರು ಇಬ್ಬರೇ. ಒಬ್ಬರು 23ರ ದೀಪಾ, ಇನ್ನೊಬ್ಬರು 41ರ ಇವರು. ನೆಲಕ್ಕಿಳಿದ ಚುಸೊವಿಟಿನಾ ನಿಲ್ಲಲಾಗದೆ ಮುಂದಕ್ಕೆ ಉರುಳಿದರು. ಟಿವಿ ಮುಂದೆ ಕೂತಿದ್ದ ನನ್ನ ಎದೆ ಧಸಕ್ಕೆಂದಿತು.

2021ರಲ್ಲಿ ನಡೆದ ಟೋಕಿಯೊ ಅವರ ಎಂಟನೇ ಒಲಿಂಪಿಕ್ಸ್. ಫೈನಲ್ ಸಿಗಲಿಲ್ಲ. ಪ್ರೇಕ್ಷಕರಿಲ್ಲದ ಆ ಅಂಗಣದಲ್ಲಿ ಇದ್ದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚುಸೊವಿಟಿನಾ ಅತ್ತು, ಕೈಬೀಸಿ, ವಿದಾಯ ಹೇಳಿ ಹೋದರು. ಅದೇ ವರ್ಷ ಮನಸ್ಸು ಬದಲಾಯಿಸಿ ವಾಪಸ್ ಬಂದರು!