ಮಧ್ಯಾಹ್ನ ಎಳೆತ ಕಮ್ಮಿ, ಇಂಟೇಕ್ ಗಾಳಿ 70 ಡಿಗ್ರಿ: ಕೋನ್ ಫಿಲ್ಟರ್ ತೆಗೆಸಿ ನೋಡಿ

ಗಾಡಿಗೆ ಹೊಸದಾಗಿ ಕೋನ್ ಫಿಲ್ಟರ್ (ಡಬ್ಬಿಯಿಲ್ಲದ, ಶಂಕು ಆಕಾರದ ಏರ್ ಫಿಲ್ಟರ್) ಹಾಕಿಸಿದ್ದೀರಿ, ಈಗ ಮಧ್ಯಾಹ್ನ ಎಳೆತ ಕಮ್ಮಿ, ಇಂಟೇಕ್ ಗಾಳಿ (ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿ) 70 ಡಿಗ್ರಿ ತೋರಿಸುತ್ತಿದೆ ಅಂತ ಕೇಳಿದ್ದೀರಿ. ಬಹುತೇಕ ಆ ಫಿಲ್ಟರೇ ಕಾರಣ. ಅದು ಬಾನೆಟ್ ಒಳಗೆ ತೆರೆದುಕೊಂಡು ಕೂತಿರುತ್ತದೆ, ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಲಬುರಗಿ ಬೇಸಿಗೆಯಲ್ಲಿ ಹೊರಗೇ 42 ಇರುತ್ತೆ ಅಲ್ವಾ, ಅದು 70 ಆದರೆ ಗಾಳಿಯ ಸಾಂದ್ರತೆ ಸುಮಾರು ಶೇ. 8 ಇಳಿಯುತ್ತದೆ, ಮೇಲಿಂದ ನಾಕಿಂಗ್ (ಇಂಧನ ಅಕಾಲದಲ್ಲಿ ಹೊತ್ತಿ ಎಂಜಿನ್ ಬಡಿಯುವುದು) ಆಗಬಾರದು ಅಂತ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿ ಹೊತ್ತಿಸುವ ಟೈಮಿಂಗ್ ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಹುಮನಾಬಾದ್ ರೋಡಲ್ಲಿ ಓವರ್‌ಟೇಕ್‌ಗೆ ಎಳೆತ ಸಾಲದ್ದು ಇದಕ್ಕೇ ಇರಬೇಕು.

ಮೊದಲು ಇಂಟೇಕ್ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಸರಿ ಇದೆಯಾ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆ ಬರೀ ಕೀ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ (ಗಾಡಿಯ ಸೆನ್ಸರ್ ರೀಡಿಂಗ್ ತೋರಿಸುವ ಉಪಕರಣ) ಇಂಟೇಕ್ ಮತ್ತು ಕೂಲಂಟ್ (ಎಂಜಿನ್ ತಣಿಸುವ ದ್ರವ) ರೀಡಿಂಗ್ ಹತ್ತಿರ ಹತ್ತಿರ ಇರಬೇಕು. ಹತ್ತು ಡಿಗ್ರಿ ವ್ಯತ್ಯಾಸ ಬಂದರೆ ಸೆನ್ಸರ್ ಅಥವಾ ಅದರ ಕನೆಕ್ಟರ್ ಮೇಲೆ ಅನುಮಾನ.

ಅದು ಸರಿ ಇದ್ದರೆ ಹಳೇ ಏರ್‌ಬಾಕ್ಸ್ (ಫಿಲ್ಟರ್ ಕೂರುವ ಮುಚ್ಚಿದ ಡಬ್ಬಿ) ವಾಪಸ್ ಹಾಕಿಸಿ, ಗ್ರಿಲ್ ಹಿಂದಿನಿಂದ ಗಾಳಿ ತರುವ ಪ್ಲಾಸ್ಟಿಕ್ ಕೊಳವೆ ಸಮೇತ. ಅದನ್ನು ಬಿಡಲೇಬೇಡಿ. ನನ್ನ ಗಾಡಿಯಲ್ಲಿ ಅದರ ಕ್ಲಿಪ್ ಮುರಿದು ಬಾಯಿ ಎಂಜಿನ್ ಕಡೆ ತಿರುಗಿತ್ತು, ಬೈಂಡಿಂಗ್ ವೈರಿನಲ್ಲಿ ಬಿಗಿದು ಕಟ್ಟಿದ ಮೇಲೆ ಸೇಡಂ ರೋಡಲ್ಲಿ ರೀಡಿಂಗ್ 50ರ ಹತ್ತಿರ ಇಳಿಯಿತು.

ಹಾಗೇ ಎಂಜಿನ್ ತಣ್ಣಗಾದಾಗ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತಿರುವ ಜಾಲರಿಯಂಥ ಭಾಗ) ಸಂದಿಯ ಧೂಳು, ತೊಗರಿ ಹೊಟ್ಟು ತೊಳೆಯಿರಿ. ಸುಮ್ನೆ ಪೈಪ್ ನೀರು ಸಾಕು, ಪ್ರೆಷರ್ ಬಿಟ್ಟರೆ ಅದರ ತೆಳು ಲೋಹದ ಪಟ್ಟಿಗಳು (ಫಿನ್) ಬಾಗುತ್ತವೆ.

ಆಮೇಲೆ 80ರ ವೇಗದಲ್ಲಿ ಹತ್ತು ನಿಮಿಷ ಓಡಿಸಿ ರೀಡಿಂಗ್ ನೋಡಿ. ಸಿಗ್ನಲ್‌ನಲ್ಲಿ ನಿಂತಾಗಿನ ಲೆಕ್ಕ ಹಿಡಿಯಬೇಡಿ, ಆಗ ಎಲ್ಲ ಗಾಡಿಯಲ್ಲೂ ಏರುತ್ತೆ.